ಹಳದಿ ಬಳಿದ ಸ್ಪ್ರಿಂಗ್

ಪಿಯರ್‌ಪಾಂಟ್, ಒಹಾಯೊ
ಏಪ್ರಿಲ್ ೧೧, ೧೯೯೯, ಭಾನುವಾರ

ರೀನೊ,

ಈ ಕಾಗದ ಸಿಗುವ ಹೊತ್ತಿಗೆ ನಿನ್ನ ಹಡಗು ಯಾವ ಸರೋವರದ ಮೇಲಿರುತ್ತದೋ ನನಗೆ ತಿಳಿಯದು. ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿಯವರು ಬಕೆಟ್ಟಿಗೆ ಹಾಕಿ ಕೊಡುತ್ತಾರೆ, ನೀವು ಮೇಲಿನಿಂದ ಹಗ್ಗ ಹಿಡಿದು ಸೇದಿಕೊಳ್ಳುತ್ತೀರಿ. ಹೋದ ಸಲ ಬಕೆಟ್ಟಿನಲ್ಲಿ ನೀರಿದ್ದು ನನ್ನ ಅಕ್ಷರವೆಲ್ಲ ಕಲಸಿಹೋಗಿತ್ತು ಅಂದಿದ್ದೆಯಲ್ಲ, ಅದಕ್ಕೆ ಈ ಸಲ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಪೆನ್ಸಿಲ್ ನೀರಿಗೆ ಹೆದರುವುದಿಲ್ಲ.

ನೀನು ಕೊಡಿಸಿದ ನಾಲ್ಕು ಚಕ್ರದ ಮಕ್ಕಳ ರೇಸು ಗಾಡಿ ಮಂಗಳವಾರ ಬಂತು. ಮರದ ಪೆಟ್ಟಿಗೆ ಒಡೆಯಲು ಪಕ್ಕದ ಹೊಲದ ಕೊವಾಚ್ ಬಂದಿದ್ದ. ನಿನ್ನ ಮಗಳು ಡೆಲ್ಲಾ ಸ್ಕೂಲ್ ಬಸ್ಸಿನಿಂದ ಇಳಿದವಳು ಚೀಲವನ್ನು ಅಂಗಳದಲ್ಲೇ ಬಿಸಾಕಿ ಬಂದು ನಿಂತಳು. ಎಷ್ಟೋ ಹೊತ್ತು ಮುಟ್ಟಲಿಲ್ಲ, ಸುತ್ತ ನಡೆದಳು ಅಷ್ಟೆ. ಕೊವಾಚ್ ಕೇಳಿದ, "ಏನಮ್ಮಾ, ಹಸು ಕೊಳ್ಳೋಕೆ ಬಂದೋರ ಥರ ಸುತ್ತು ಹಾಕ್ತಿದೀಯ, ಹಲ್ಲು ನೋಡ್ಬೇಕಾ?" ಅವಳು, "ಇಲ್ಲ ತಾತ, ಇದು ಇನ್ನೂ ಅಂಗಡೀದು. ನಮ್ಮದಾಗೋಕೆ ಇನ್ನೂ ಕೆಲಸ ಇದೆ" ಅಂದಳು.

ಅವಳು ಹೇಳಿದ್ದು ನಿಜ. ಹೊಸದು ಅನ್ನುವುದು ಬರೀ ಬಣ್ಣಕ್ಕೆ. ಮೈದಾನದಲ್ಲಿ ಓಡಿಸಲು ಸರಿ, ದಿಬ್ಬ ಹಾರಿಸಲು ಅಲ್ಲ. ಹಿಂದಿನ ಆಕ್ಸಲ್ ತೆಗೆದು ನಾಲ್ಕು ಇಂಚು ಹೆಚ್ಚು ಅಗಲದ್ದು ಹಾಕಿದೆ. ಮುಂದಿನ ತೋಳುಗಳನ್ನೂ ಅಷ್ಟೇ ಅಗಲ ಮಾಡಿದೆ, ತಿರುವಿನಲ್ಲಿ ಮಗುಚಬಾರದು. ಪಾದ ಜಾರಿ ಚಕ್ರಕ್ಕೆ ಸಿಗದ ಹಾಗೆ ಎರಡೂ ಬದಿಗೆ ಕೊಳವೆ ಚೌಕಟ್ಟು, ನಡುವೆ ಬಲೆ. ಮಣಿಕಟ್ಟಿಗೆ ಕಟ್ಟುವ ಹಗ್ಗದ ಸ್ವಿಚ್ಚು ಕೂರಿಸಿದ್ದೇನೆ. ಅವಳು ಬಿದ್ದರೆ ಹಗ್ಗ ಕಿತ್ತು ಎಂಜಿನ್ ಆ ಕ್ಷಣವೇ ನಿಲ್ಲಬೇಕು. ಹತ್ತು ಸಲ ಕಿತ್ತು ನೋಡಿದೆ, ಹತ್ತು ಸಲವೂ ನಿಂತಿತು. ಹುಲ್ಲು ಕತ್ತರಿಸುವ ಯಂತ್ರಗಳನ್ನು ಬಿಚ್ಚಿ ಬಿಚ್ಚಿ ಕೆಲಸ ಕಲಿತವಳು ನಾನು. ಪುಸ್ತಕ ಓದಿ ಕಲಿತವರಿಗಿಂತ ಹೆಚ್ಚು ಸಲ ನೋಡುತ್ತೇನೆ, ನನಗೆ ನನ್ನ ಮೇಲೆ ಅಷ್ಟು ನಂಬಿಕೆಯಿಲ್ಲ.

ಉಳಿದಿರುವುದು ಹಿಂದಿನ ಸ್ಪ್ರಿಂಗ್. ಯಾವುದು ಹಾಕಬೇಕು ಅಂತ ನೀನೇ ಹೇಳಬೇಕು. ಆ ಅಳತೆಗೆ ಮೂರು ಜನ ಬೇಕು ಅಂತ ನಿನಗೆ ಗೊತ್ತು: ಒಬ್ಬರು ಹೆಲ್ಮೆಟ್ಟು ಬೂಟು ಹಾಕಿಕೊಂಡು ಮೇಲೆ ಕೂರಬೇಕು, ಒಬ್ಬರು ಹಿಂಬದಿಯನ್ನು ಅದುಮಿ ಬಿಡಬೇಕು, ಒಬ್ಬರು ಕುಕ್ಕರಗಾಲಿನಲ್ಲಿ ಕೂತು ಗಾಡಿ ಎಷ್ಟು ಇಂಚು ಇಳಿಯಿತು ಅಂತ ಟೇಪು ಓದಬೇಕು. ನನ್ನ ಮೊಣಕಾಲು ಬಗ್ಗುವುದಿಲ್ಲ. ಕೊವಾಚ್ ಬಗ್ಗುತ್ತಾನೆ, ಆದರೆ ಅವನಿಗೆ ಏಳು ಒಂಬತ್ತಾಗಿ ಕಾಣುತ್ತದೆ.

ಜಿಲ್ಲೆಯ ರೇಸು ಈ ಬೇಸಿಗೆಯಲ್ಲಿ ಐದು. ಕೊನೆಯದು ಆಗಸ್ಟ್ ಇಪ್ಪತ್ತೊಂದು. ಈ ಗಾಡಿಯ ವರ್ಗ ಹನ್ನೊಂದು ವರ್ಷದವರೆಗೆ ಮಾತ್ರ, ನವೆಂಬರಿಗೆ ಡೆಲ್ಲಾಗೆ ಹನ್ನೆರಡು ತುಂಬುತ್ತದೆ. ಅಂದರೆ ಇವಳಿಗೂ ಈ ಗಾಡಿಗೂ ಇರುವುದು ಈ ಒಂದು ಬೇಸಿಗೆ.

ಹೋದ ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿ ಹಡಗುಗಳೆಲ್ಲ ನಿಂತಾಗಲೂ ನೀನು ಅಲ್ಲೇ ರಿಪೇರಿ ಕೆಲಸ ಹಿಡಿದು ಉಳಿದೆ. ಅದಕ್ಕೆ ಕೇಳುತ್ತಿದ್ದೇನೆ, ಜೂನಿನಲ್ಲಿ ರಜೆ ಕೊಡುತ್ತಾರಾ? ಅವಳ ಭುಜದ ಮೂಳೆ ಕೂಡಿಕೊಂಡಿದೆ, ಈಗ ಮಳೆ ಬಂದರೂ ನೋಯುವುದಿಲ್ಲವಂತೆ. ಹೇಳು ಅಂದಳು, ಹೇಳಿದ್ದೇನೆ.

ಅಮ್ಮ

*

ಹ್ಯೂರಾನ್ ಸರೋವರದ ಮೇಲೆ
ಏಪ್ರಿಲ್ ೨೫

ಅಮ್ಮ,

ಕಾಗದ ಒಣಗಿದ್ದ ಹಾಗೇ ಬಂತು. ಎಂಜಿನ್ ಕೋಣೆಯಲ್ಲಿ ನಿಂತೇ ಓದಿದೆ.

ಹಳದಿ ಸ್ಪ್ರಿಂಗ್ ಹಾಕು. ಇರುವುದರಲ್ಲಿ ಅದೇ ಮೆತ್ತಗಿನದು, ಅರವತ್ತರಿಂದ ಅರವತ್ತೆಂಟು ಪೌಂಡಿನ ಮಕ್ಕಳಿಗೆ. ನಾನು ಹೊರಟಾಗ ಅವಳು ಅರವತ್ತೆರಡಿದ್ದಳು, ಈಗ ಅರವತ್ತೈದು ಅಂತ ಇಟ್ಟುಕೊಂಡಿದ್ದೇನೆ. ಗಟ್ಟಿಯದು ಹಾಕಬೇಡ. ಅಂಗಡಿಯವನು "ಮಗು ಬೆಳೆಯುತ್ತೆ, ಮುಂದಿನ ವರ್ಷಕ್ಕೂ ಆಗುತ್ತೆ" ಅಂದರೆ ಕೇಳಬೇಡ. ನಾನು ಕೇಳಿದ್ದೆ.

ಹ್ಯಾಂಡಲಿನ ಬುಡದ ಬೋಲ್ಟುಗಳನ್ನು ಪ್ರತಿ ರೇಸಿಗೂ ಮುಂಚೆ ಬಿಗಿ ಮಾಡು. ಹಗ್ಗದ ಸ್ವಿಚ್ಚು ಹತ್ತು ಸಲ ನೋಡಿದ್ದು ಒಳ್ಳೆಯದಾಯಿತು. ಹನ್ನೊಂದನೆಯ ಸಲ ನೋಡು.

ರಜೆ ಕಷ್ಟ. ಎಂಜಿನ್ನಿಗೆ ಎಣ್ಣೆ ಹಾಕುವ ನಮ್ಮಲ್ಲಿ ಇಬ್ಬರು ಕಡಿಮೆಯಿದ್ದಾರೆ. ಡುಲೂತ್‌ನಲ್ಲಿ ಕಬ್ಬಿಣದ ಅದಿರು ತುಂಬುವುದು, ಡೆಟ್ರಾಯಿಟ್ ಕಾರ್ಖಾನೆಯಲ್ಲಿ ಇಳಿಸುವುದು, ಮತ್ತೆ ಹಿಂದಕ್ಕೆ. ಈ ವರ್ಷ ನಿಮ್ಮ ಕಡೆಯ ಬಂದರಿಗೆ ಬರುವ ಲಕ್ಷಣವಿಲ್ಲ.

ಅವಳು ಸರಿಯಾಗಿ ಊಟ ಮಾಡುತ್ತಾಳಾ?

ರೀನೊ

*

ಪಿಯರ್‌ಪಾಂಟ್
ಮೇ ೧೬

ರೀನೊ,

ನಿನ್ನ ಕಾಗದ ಈ ಸಲ ಬೇಗ ಬಂತು. ಎರಡೇ ದಿನ.

ಹಳದಿ ಸ್ಪ್ರಿಂಗ್ ತರಿಸಿ ಹಾಕಿದೆ. ಡೆಲ್ಲಾ ನಿನ್ನ ಕಾಗದದ ಆ ಸಾಲನ್ನು ನನ್ನ ಕೈಯಿಂದ ಎರಡು ಸಲ ಓದಿಸಿಕೊಂಡಳು. ಅಳತೆಗೆ ಕೂರಿಸಿದೆವು. ಕೊವಾಚ್ ಕುಕ್ಕರಗಾಲಿನಲ್ಲಿ ಕೂತು ಟೇಪು ಹಿಡಿದು, "ಎರಡು ಮುಕ್ಕಾಲು ಇರ್ಬೇಕು, ಇಲ್ಲಾ ನಾಲ್ಕು ಮುಕ್ಕಾಲು" ಅಂದ. ಡೆಲ್ಲಾ ಹೆಲ್ಮೆಟ್ಟಿನ ಒಳಗಿನಿಂದಲೇ, "ತಾತ, ಎರಡಕ್ಕೂ ನಾಲ್ಕಕ್ಕೂ ಮಧ್ಯೆ ನಾನೊಬ್ಬಳು ಸಾಯೋ ಅಷ್ಟು ವ್ಯತ್ಯಾಸ ಇದೆ" ಅಂದಳು. ಅವನು, "ಹಂಗಾದ್ರೆ ನೀನೇ ಇಳಿದು ಬಂದು ಓದು" ಅಂದ. "ನಾನು ಇಳಿದ್ರೆ ಅಳತೆ ಎಲ್ಲಿ ತಾತ?" ಇಬ್ಬರೂ ಹೀಗೆ ಅರ್ಧ ಗಂಟೆ. ಸರಿಯಾಗಿ ಕೂತಿದೆ ಅಂತಲೇ ಇಟ್ಟುಕೋ.

ನಿನ್ನೆ ಮೊದಲ ರೇಸು. ಹನ್ನೆರಡು ಮಕ್ಕಳಲ್ಲಿ ಏಳನೆಯವಳಾಗಿ ಬಂದಳು. ಮೊದಲ ತಿರುವಿನಲ್ಲಿ ಎಲ್ಲರೂ ಒಳಬದಿಗೆ ನುಗ್ಗಿದರೆ ಇವಳು ಹೊರಗಿನಿಂದ ಸುತ್ತಿ ಬಂದಳು. ಯಾರೋ ಕಲಿಸಿದ್ದಲ್ಲ. ಕೇಳಿದರೆ, "ಅಲ್ಲಿ ಕೆಸರು ಕಮ್ಮಿ ಇತ್ತು ಅಜ್ಜಿ, ನಂಗೆ ಚಡ್ಡಿ ಒಗೆಯೋ ಕೆಲಸ ಬೇಡ" ಅಂದಳು. ದೊಡ್ಡ ದಿಬ್ಬ ಹಾರಿ ಇಳಿಯುವಾಗ ಹಿಂಬದಿಯಲ್ಲಿ ಸ್ವಲ್ಪ ಸದ್ದು ಬರುತ್ತದೆ. ದೊಡ್ಡದೇನಲ್ಲ. ಹೊಸ ಗಾಡಿ, ಕೂಡಿಕೊಳ್ಳಬೇಕು.

ಊಟ ಮಾಡುತ್ತಾಳೆ. ಕೊವಾಚನ ಹೆಂಡತಿ ಎಲೆಕೋಸಿನ ಸುರುಳಿ ಕೊಟ್ಟು ಕಳಿಸಿದರೆ ನನಗೊಂದೂ ಉಳಿಯುವುದಿಲ್ಲ.

ಗೆದ್ದವರ ಅಪ್ಪಂದಿರು ಬೇಲಿ ಹಾರಿ ಓಡಿ ಬಂದು ಗಾಡಿ ಹಿಡಿದುಕೊಳ್ಳುತ್ತಾರೆ, ಸೋತವರ ಅಪ್ಪಂದಿರು ನಡೆದುಕೊಂಡು ಬರುತ್ತಾರೆ. ನಾನು ಕೋಲೂರಿಕೊಂಡು ಹೋಗುವಷ್ಟರಲ್ಲಿ ಅವಳೇ ಗಾಡಿ ತಳ್ಳಿಕೊಂಡು ಅರ್ಧ ದಾರಿ ಬಂದಿರುತ್ತಾಳೆ.

ಅಮ್ಮ

*

ಡುಲೂತ್
ಮೇ ೩೦

ಅಮ್ಮ,

ಏನು ಸದ್ದು? ಲೋಹಕ್ಕೆ ಲೋಹ ತಾಗುವ ಸದ್ದಾ, ಚೈನು ಸಡಿಲಿದ ಸದ್ದಾ? "ಸ್ವಲ್ಪ" ಅಂದರೆ ಎಷ್ಟು? ಹುಲ್ಲು ಕತ್ತರಿಸುವ ಯಂತ್ರ ತಂದವರಿಗೆ "ಸದ್ದು ಹೇಗಿದೆ, ಬಾಯಲ್ಲಿ ಮಾಡಿ ತೋರಿಸಿ" ಅಂತ ಕೇಳುತ್ತಿದ್ದವಳು ನೀನು.

ಪಕ್ಕದಿಂದ ಒಂದು ಫೋಟೊ ತೆಗೆದು ಕಳಿಸು. ಅವಳು ಪೂರ್ತಿ ಉಡುಪಿನಲ್ಲಿ ಗಾಡಿಯ ಮೇಲೆ ಕೂತಿರಬೇಕು, ಕಾಲು ನೆಲಕ್ಕೆ ತಾಗಿರಬಾರದು. ಹಿಂದಿನ ಚಕ್ರ ಮತ್ತು ಸ್ಪ್ರಿಂಗ್ ಕಾಣಬೇಕು. ಮುಖ ಕಾಣದಿದ್ದರೂ ಪರವಾಗಿಲ್ಲ.

ರೀನೊ

ಮುಖವೂ ಕಾಣಲಿ.

*

ಪಿಯರ್‌ಪಾಂಟ್
ಜೂನ್ ೨೦

ರೀನೊ,

ಇವತ್ತು ಅಪ್ಪಂದಿರ ದಿನ. ಬೆಳಿಗ್ಗೆ ಇವಳು ಕಾಫಿ ಮಾಡಿ ಎರಡು ಲೋಟ ಇಟ್ಟಳು. ಒಂದು ನಂದು. ಇನ್ನೊಂದು ಯಾರಿಗೆ ಅಂತ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೊವಾಚ್ ಬಂದು ಕುಡಿದ. ಟೆಕ್ಸಾಸಿನಿಂದ ಅವಳ ಅಮ್ಮ ಫೋನು ಮಾಡಿದ್ದಳು. ಅಲ್ಲಿ ಹೊಸ ಗಂಡ, ಹೊಸ ಮಗು, ಕ್ಷೇಮವಂತೆ. ಈ ಕಾಗದದ ಜೊತೆ ಇರುವ ಫೋಟೊ ಡೆಲ್ಲಾಳ ಉಡುಗೊರೆ. ಹೆಲ್ಮೆಟ್ಟಿನ ಗಾಜು ಮೇಲೆತ್ತಿಸಿದ್ದೇನೆ, ಮುಖ ಕಾಣುತ್ತದೆ. ಹಲ್ಲು ಬಿಗಿ ಹಿಡಿದಿದ್ದಾಳೆ, ಅದು ಸಿಟ್ಟಲ್ಲ. ಕ್ಯಾಮೆರಾ ಹಿಡಿದಿದ್ದವನು ಕೊವಾಚ್, "ಅಲ್ಲಾಡಬೇಡ" ಅಂತ ಹೇಳುತ್ತ ತಾನೇ ಅಲ್ಲಾಡುತ್ತಿದ್ದ.

ಸದ್ದು ನಿಂತಿದೆ. ಸ್ಪ್ರಿಂಗ್ ನೋಡಬೇಕು ಅಂದೆಯಲ್ಲ, ಹಳದಿ ಚೆನ್ನಾಗಿ ಕಾಣುತ್ತದೆ.

ಎರಡನೆಯ ರೇಸಿನಲ್ಲಿ ಐದನೆಯವಳು, ಮೂರನೆಯದರಲ್ಲಿ ನಾಲ್ಕು. ಕಾರ್ಬುರೇಟರಿನಲ್ಲಿ ಪೆಟ್ರೋಲು ಬಿಡುವ ಸಣ್ಣ ಜೆಟ್ ತೆಗೆದು ಒಂದು ಅಂಕಿ ದೊಡ್ಡದು ಹಾಕಿದೆ, ಸೈಲೆನ್ಸರ್ ಬದಲಿಸಿದ ಮೇಲೆ ಗಾಡಿ ಕೆಮ್ಮುತ್ತಿತ್ತು. ಈಗ ಗಂಟಲು ಸರಿಹೋಗಿದೆ. ಹಿಡಿ ತಿರುಗಿಸುವ ಮುನ್ನವೇ ಓಡುತ್ತೆ ಅನ್ನುತ್ತಾಳೆ ಇವಳು.

ಮನೆಯ ಹಿಂದಿನ ಬಾಗಿಲಿನ ಚೌಕಟ್ಟಿಗೆ ನೀನು ಪ್ರತಿ ಚಳಿಗಾಲ ಅವಳ ಎತ್ತರ ಗುರುತು ಹಾಕುತ್ತಿದ್ದೆಯಲ್ಲ, ಹೋದ ಡಿಸೆಂಬರಿನಲ್ಲಿ ನಾನು ಪೆನ್ಸಿಲ್ ತೆಗೆದುಕೊಂಡು ಹೋದೆ. ಬೇಡ ಅಂದಳು. "ಅಪ್ಪ ಬಂದಾಗ" ಅಂದಳು. ಹಾಗಾಗಿ ಅಲ್ಲಿ ನೀನು ಹಾಕಿದ್ದೇ ಕೊನೆಯ ಗೆರೆ.

ಅಮ್ಮ

*

ಸುಪೀರಿಯರ್ ಸರೋವರದ ಮೇಲೆ
ಜುಲೈ ೪

ಅಮ್ಮ,

ಫೋಟೊ ನನ್ನ ಮಂಚದ ಮೇಲಿನ ತಗಡಿಗೆ ಅಂಟಿಸಿದ್ದೇನೆ. ಮೂರು ದಿನದಿಂದ ನೋಡುತ್ತಿದ್ದೇನೆ.

ಅದು ಹಳದಿ ಸ್ಪ್ರಿಂಗ್ ಅಲ್ಲ. ಹಳದಿಯದಕ್ಕೆ ಒಂಬತ್ತು ಸುತ್ತು, ತಂತಿ ಸಣ್ಣ. ಇದಕ್ಕೆ ಏಳು ಸುತ್ತು, ತಂತಿ ದಪ್ಪ. ಇದು ನೀಲಿ, ಎಪ್ಪತ್ತೈದರ ಮೇಲಿನವರದ್ದು. ಟ್ರ್ಯಾಕ್ಟರಿನ ಚಕ್ರಕ್ಕೆ ಬಳಿಯುವ ಡಬ್ಬಿಯಿಂದ ಬಳಿದಿದ್ದೀಯ, ಆ ಹಳದಿ ನನಗೆ ಗೊತ್ತು. ಎಣ್ಣೆ ಹಾಕುವವನಿಗೆ ಸ್ಪ್ರಿಂಗಿನ ಸುತ್ತು ಎಣಿಸಲು ಬರುವುದಿಲ್ಲ ಅಂತ ತಿಳಿದೆಯಾ?

ಅದಕ್ಕೆ ಸಿಟ್ಟಿಲ್ಲ. ಇದೂ ಅಲ್ಲ ನಾನು ಹೇಳಬೇಕಾದ್ದು. ನೀಲಿ ಸ್ಪ್ರಿಂಗ್ ಮೇಲೆ ಗಾಡಿ ಎಷ್ಟು ಇಳಿಯಬೇಕೋ ಅಷ್ಟೇ ಇಳಿದಿದೆ. ಅಂದರೆ ಹೆಲ್ಮೆಟ್ಟು ಬೂಟು ಬಿಟ್ಟು ಅವಳು ಹತ್ತಿರ ಹತ್ತಿರ ಎಂಬತ್ತು ಪೌಂಡು. ಮಂಡಿ ಹ್ಯಾಂಡಲಿಗೆ ತಾಗುವಂತಿದೆ. ನಾನು ಅರವತ್ತೈದು ಅಂದುಕೊಂಡು ಅವಳ ಜೊತೆ ಮನಸ್ಸಿನಲ್ಲೇ ಮಾತಾಡುತ್ತಿದ್ದೆ, ಅಮ್ಮ. ಅಷ್ಟು ಪುಟ್ಟವಳ ಜೊತೆ ಮಾತಾಡುವ ಹಾಗೆ. ಅವಳು ಯಾವಾಗ ಎಂಬತ್ತಾದಳು?

ನೀನು ಯಾಕೆ ಹೇಳಲಿಲ್ಲ?

ಇವತ್ತು ಸ್ವಾತಂತ್ರ್ಯ ದಿನ, ದಡದಲ್ಲಿ ಪಟಾಕಿ ಹಚ್ಚುತ್ತಿದ್ದಾರೆ. ಇಲ್ಲಿಗೆ ಬೆಳಕು ಮಾತ್ರ ಬರುತ್ತದೆ, ಸದ್ದು ಬರುವುದಿಲ್ಲ.

ರೀನೊ

*

ಪಿಯರ್‌ಪಾಂಟ್
ಜುಲೈ ೧೮

ರೀನೊ,

ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ. ಅರ್ಧ ಹೇಳುವ ಕೆಲಸ ಇಬ್ಬರಿಗೂ ಸಾಕಾಯಿತು.

ಮೊದಲ ಅಳತೆಯ ದಿನವೇ ತಿಳಿದಿತ್ತು. ಅಳತೆ ಓದಲು ಬಾರದಿದ್ದರೇನು, ಇವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಲು ಬರುತ್ತದಲ್ಲ. ಎಪ್ಪತ್ತೊಂಬತ್ತು. ನಾನು "ಈ ಸ್ಪ್ರಿಂಗ್ ಆಗಲ್ಲ, ನೀಲಿ ತರಿಸೋಣ" ಅಂದೆ. ಅವಳು, "ಅಪ್ಪ ಹೇಳಿದ್ದು ಹಳದಿ" ಅಂದಳು. ತೂಕ ಹೆಚ್ಚಾಗಿದೆ ಅಂದೆ. "ಹಂಗಾದ್ರೆ ನಾನೇ ಕಮ್ಮಿ ಊಟ ಮಾಡ್ತೀನಿ" ಅಂದಳು. ನಗುತ್ತ ಹೇಳಲಿಲ್ಲ ರೀನೊ. ಎರಡು ದಿನ ಕೊವಾಚನ ಹೆಂಡತಿಯ ಸುರುಳಿಯನ್ನು ಮುಟ್ಟಲಿಲ್ಲ. ಊಟ ಮಾಡುತ್ತಾಳಾ ಅಂತ ನೀನು ಕೇಳಿದ್ದೆ, ಮಾಡುತ್ತಾಳೆ ಅಂತ ನಾನು ಬರೆದೆ. ಅದೂ ಬಳಿದದ್ದೇ.

ಮೊದಲ ರೇಸಿನಲ್ಲಿ ಸ್ವಲ್ಪ ಸದ್ದು ಅಂದೆನಲ್ಲ. ಪ್ರತಿ ದಿಬ್ಬಕ್ಕೂ ಗಾಡಿ ತಳ ಬಡಿಯುತ್ತಿತ್ತು. ಬೇಲಿಯಲ್ಲಿದ್ದವರು ತಿರುಗಿ ನೋಡುವಷ್ಟು ಜೋರು. ಮರುವಾರ ಅವಳು ಸ್ಕೂಲಿಗೆ ಹೋದಾಗ ನೀಲಿ ತರಿಸಿ, ಹಳದಿ ಬಳಿದು, ಒಣಗಿಸಿ, ಕೂರಿಸಿದೆ. ಅವಳಿಗೂ ಸುಳ್ಳು, ನಿನಗೂ ಸುಳ್ಳು. ನಿನಗೆ ಯಾಕೆ ಅಂದರೆ, ಅವಳು ಬೆಳೆದಿದ್ದಾಳೆ ಅಂತ ಬರೆದರೆ ನೀನು ನೋಡದೆ ಕಳೆದ ದಿನವನ್ನೆಲ್ಲ ಎಣಿಸಿ ಹೇಳಿದ ಹಾಗಾಗುತ್ತಿತ್ತು. ನಿನ್ನನ್ನು ಬಡಿಯಲು ಕಾಗದ ಬರೆಯುವವಳಲ್ಲ ನಾನು.

ಜೂನ್ ಕೊನೆಗೆ ಒಂದು ಕಲ್ಲು ಸಿಡಿದು ಬಣ್ಣ ಕಿತ್ತುಬಂತು. ಗಾಡಿ ತೊಳೆಯುತ್ತಿದ್ದವಳು ಅವಳೇ. ನಾನು ಒಳಗೆ ಬ್ರೆಡ್ಡು ಬೇಯಿಸುತ್ತಿದ್ದೆ. ಬಂದು ಬಾಗಿಲಲ್ಲಿ ನಿಂತಳು, ಕೈಯಲ್ಲಿ ಸೋಪಿನ ನೀರು ಸೋರುತ್ತಿತ್ತು. "ಅಜ್ಜಿ, ಅಡಿಯಲ್ಲಿ ನೀಲಿ ಇದೆ."

ನಾನು "ಹೌದು" ಅಂದೆ.

"ಅಪ್ಪಂಗೆ ನಾನಿನ್ನೂ ಅಷ್ಟೇ ಇದೀನಾ? ಅವತ್ತು ಎಷ್ಟಿದ್ದೆನೋ ಅಷ್ಟೇ?"

"ನೋಡಿಲ್ಲವಲ್ಲ ಮಗಳೇ, ಹೇಗೆ ಗೊತ್ತಾಗಬೇಕು."

"ಆ ಹಳದೀದು ಎಲ್ಲಿ?" ಅಂದಳು. ತಂದು ಕೊಟ್ಟೆ. ಈಗ ಅವಳ ಕಿಟಕಿಯ ಕಟ್ಟೆಯ ಮೇಲಿದೆ, ಒಳಗೆ ಪೆನ್ನು ಪೆನ್ಸಿಲು ನಿಲ್ಲಿಸಿದ್ದಾಳೆ. ಗಾಡಿಗೆ ನೀಲಿಯೇ ಇರಲಿ ಅಂದಳು, ಕಿತ್ತುಹೋದ ಜಾಗಕ್ಕೆ ಮತ್ತೆ ಬಣ್ಣ ಬಳಿಯಬೇಡ ಅಂದಳು.

ಈಗ ನೀನು ಬಳಿದ ಬಣ್ಣದ ಮಾತು.

ನಾನು ನಿನ್ನ ಲಕೋಟೆಗಳನ್ನು ಎಸೆಯುವುದಿಲ್ಲ. ಏಪ್ರಿಲಿನ ಕಾಗದದ ಮೇಲೆ ಹ್ಯೂರಾನ್ ಸರೋವರ ಅಂತ ಬರೆದಿದ್ದೆ, ಅಂಚೆಯ ಮುದ್ರೆ ಕಾನಿಯಟ್. ಮೇ ತಿಂಗಳಿನದಕ್ಕೆ ಡುಲೂತ್ ಅಂತ ಬರೆದಿದ್ದೆ, ಮುದ್ರೆ ಕಾನಿಯಟ್. ಪಟಾಕಿಯ ದಿನದ್ದಕ್ಕೂ ಅದೇ. ನನ್ನ ಅಡುಗೆಮನೆಯಿಂದ ಕಾನಿಯಟ್ ಬಂದರು ಇಪ್ಪತ್ತೆರಡು ಮೈಲಿ. ಕೊವಾಚ್ ಟೊಮೆಟೊ ಮಾರಲು ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರುತ್ತಾನೆ. ಅದಿರು ಇಳಿಸಲು ಎಂಟು ಗಂಟೆ ಬೇಕು ಅಂತ ನೀನೇ ಹಿಂದೆ ಹೇಳಿದ್ದೆ.

ಏಪ್ರಿಲಿನಿಂದ ನನಗೆ ಗೊತ್ತು. ಡೆಲ್ಲಾಗೆ ಹೇಳಿಲ್ಲ. ಲಕೋಟೆ ಅವಳ ಕೈಗೆ ಸಿಗದ ಹಾಗೆ ಹಿಟ್ಟಿನ ಡಬ್ಬದಲ್ಲಿ ಇಟ್ಟಿದ್ದೇನೆ.

ಕೊನೆಯ ರೇಸು ಆಗಸ್ಟ್ ಇಪ್ಪತ್ತೊಂದು, ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ, ಆಂಡೋವರಿನ ದಾರಿಯ ಮೈದಾನದಲ್ಲಿ. ಬಾ ಅಂತ ಬರೆಯುತ್ತಿಲ್ಲ. ಎಷ್ಟು ಹೊತ್ತಿಗೆ, ಎಲ್ಲಿ ಅಂತ ಮಾತ್ರ ಬರೆದಿದ್ದೇನೆ.

ಅಮ್ಮ

*

ಕಾನಿಯಟ್
ಆಗಸ್ಟ್ ೮

ಅಮ್ಮ,

ಈ ಸಲ ಮೇಲೆ ಬರೆದ ಊರು ನಿಜದ್ದು.

ಹಡಗು ಕಟ್ಟಿದ ಮೇಲೆ ಕೆಳಗಿಳಿಯುತ್ತೇನೆ. ಬಂದರಿನ ಗೇಟು ದಾಟಿ ಗಾಳದ ಎರೆಹುಳು ಮಾರುವ ಅಂಗಡಿಯವರೆಗೆ ನಡೆಯುತ್ತೇನೆ. ಅಲ್ಲಿಂದ ದಕ್ಷಿಣಕ್ಕೆ ನಿಮ್ಮ ರಸ್ತೆ. ಅಂಗಡಿಯವನು ನನ್ನನ್ನು ಗಿರಾಕಿ ಅಂದುಕೊಂಡಿದ್ದಾನೆ, "ಇವತ್ತೂ ಹುಳ ಬೇಡ್ವಾ? ನೀವು ಮೀನು ಹಿಡಿಯೋದು ಹೆಂಗೆ, ಮಾತಾಡಿಸಿಯಾ?" ಅನ್ನುತ್ತಾನೆ. ಕಾಗದವಿದ್ದರೆ ಅಂಚೆಗೆ ಹಾಕಿ ವಾಪಸು ಬರುತ್ತೇನೆ. ಏಳು ಸಲ ಹೀಗಾಗಿದೆ.

ಅವಳು ಬಿದ್ದ ಆ ದಿನದ ಬಗ್ಗೆ ನೀನು ಒಂದು ಮಾತೂ ಕೇಳಲಿಲ್ಲ. ಅದಕ್ಕೇ ಹೇಳಲು ನನಗೆ ಜಾಗ ಸಿಗಲಿಲ್ಲ. ಹಳೆಯ ಗಾಡಿಗೆ ಕರಿ ಸ್ಪ್ರಿಂಗ್ ಹಾಕಿದ್ದೆ, ನೂರು ಪೌಂಡಿನದು. ಮಕ್ಕಳಿಗೆ ಒಂದು ಅಳತೆ ದೊಡ್ಡ ಬೂಟು ಕೊಳ್ಳುವ ಹಾಗೆ, ಮೂರು ವರ್ಷ ಬರಲಿ ಅಂತ. ಅರವತ್ತೆರಡು ಪೌಂಡಿನ ಮಗು ಅದನ್ನು ಅರ್ಧ ಇಂಚೂ ಅದುಮಲಿಲ್ಲ. ಕೊವಾಚನ ಹೊಲದ ಮೂರನೆಯ ದಿಬ್ಬದಲ್ಲಿ ಗಾಡಿ ಹಿಂದಿನಿಂದ ಒದ್ದು ಅವಳನ್ನು ತಲೆಕೆಳಗಾಗಿ ಎಸೆಯಿತು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಕೈಯಲ್ಲಿ ಗಡಿಯಾರವಿತ್ತು, ಅದನ್ನೇ ನೋಡುತ್ತಿದ್ದೆ, ಒಂದೊಂದು ಸುತ್ತಿಗೂ ಎಷ್ಟು ಸೆಕೆಂಡು ಅಂತ. ತಗ್ಗಿ ಹಿಂದಿನ ಚಕ್ರ ನೋಡಿದ್ದರೆ ಮೊದಲ ಸುತ್ತಿನಲ್ಲೇ ತಿಳಿಯುತ್ತಿತ್ತು, ನಿಲ್ಲಿಸುತ್ತಿದ್ದೆ. ಗಡಿಯಾರ ನೋಡುತ್ತಿದ್ದೆ, ಅಮ್ಮ.

ಆಸ್ಪತ್ರೆಯಲ್ಲಿ ಅವಳು ನನಗೆ ಹೇಳಿದ್ದು, "ಅಪ್ಪ, ನಾನು ಸರಿಯಾಗಿ ಹಿಡ್ಕೊಂಡಿದ್ದೆ, ಆದ್ರೂ ಬಿದ್ದೆ. ಸಾರಿ." ಆ ಮಾತಿಗೆ ಎದುರು ನಿಲ್ಲಲು ಆಗುವುದಿಲ್ಲ ನನಗೆ. ಬೈದಿದ್ದರೆ ಆ ಚಳಿಗಾಲವೇ ಬರುತ್ತಿದ್ದೆ.

ಮೊದಲು ತೀರ ದೊಡ್ಡವಳು ಅಂದುಕೊಂಡೆ, ಈಗ ತೀರ ಚಿಕ್ಕವಳು ಅಂದುಕೊಂಡೆ. ಅವಳಿದ್ದಷ್ಟನ್ನು ಒಂದು ಸಲವೂ ಸರಿಯಾಗಿ ಅಳೆಯಲಿಲ್ಲ.

ಇಪ್ಪತ್ತೊಂದರ ಬಗ್ಗೆ ಏನೂ ಹೇಳಲಾರೆ. ಹಡಗಿನ ದಿನ ನನ್ನ ಕೈಯಲ್ಲಿಲ್ಲ. ಅವಳಿಗೆ ಹೇಳಬೇಡ.

ರೀನೊ

*

ಪಿಯರ್‌ಪಾಂಟ್
ಆಗಸ್ಟ್ ೨೨

ರೀನೊ,

ನಾನು ಅವಳಿಗೆ ಏನೂ ಹೇಳಿರಲಿಲ್ಲ. ಇದು ಮೊದಲು ನಿನಗೆ ತಿಳಿದಿರಲಿ.

ನಿನ್ನೆ ಬೆಳಿಗ್ಗೆ ಮಂಜು ಇತ್ತು, ಹತ್ತಕ್ಕೆ ಬಿಟ್ಟಿತು. ಹ್ಯಾಂಡಲಿನ ಬುಡ ಬಿಗಿ ಮಾಡಿದೆ, ಹಗ್ಗದ ಸ್ವಿಚ್ಚು ಹನ್ನೊಂದು ಸಲ ಕಿತ್ತು ನೋಡಿದೆ. ಹದಿನಾಲ್ಕು ಮಕ್ಕಳು ಗೇಟಿನಲ್ಲಿ ನಿಂತಿದ್ದರು. ಕೊವಾಚ್ ಇವಳ ಹೆಲ್ಮೆಟ್ಟು ತಟ್ಟಿ, "ಗೆದ್ರೆ ನನ್ನ ಹೆಸರು ಹೇಳು, ಸೋತ್ರೆ ನಿಮ್ಮಜ್ಜಿ ಹೆಸರು ಹೇಳು" ಅಂದ. ಇವಳು, "ಬಿದ್ರೆ?" ಅಂದಳು. ಇವಳೇ ನಕ್ಕು, "ಬಿದ್ರೆ ಎದ್ದು ಬರ್ತೀನಿ ತಾತ, ಮುಖ ಹಂಗೆ ಮಾಡ್ಬೇಡ" ಅಂದಳು.

ಐದು ಸುತ್ತು. ಮೊದಲ ಸುತ್ತಿನಲ್ಲಿ ಎಂಟನೆಯವಳು. ಎರಡನೆಯದರಲ್ಲಿ ಆರು. ನಾನು ಗಾಡಿಗಳನ್ನು ನಿಲ್ಲಿಸುವ ಜಾಗದಲ್ಲೇ ಕುರ್ಚಿ ಹಾಕಿಕೊಂಡಿದ್ದೆ, ಅಲ್ಲಿಂದ ಮೂರನೆಯ ದಿಬ್ಬ ಕಾಣುವುದಿಲ್ಲ, ಆಚೆ ಇಳಿಯುವ ಸದ್ದು ಮಾತ್ರ ಕೇಳುತ್ತದೆ. ತಳ ಬಡಿಯುವ ಸದ್ದಿಗೆ ಕಾದು ಕೂತಿದ್ದೆ. ಬರಲಿಲ್ಲ. ಮೂರನೆಯ ಸುತ್ತಿನಲ್ಲಿ ಇವಳ ಓಟ ಬೇರೆಯಾಯಿತು. ಹೇಗೆ ಅಂತ ಬರೆಯಲು ಬಾರದು. ಅಲ್ಲಿಯವರೆಗೆ ದಿಬ್ಬವನ್ನು ಹಾರಿ ಮುಗಿಸುತ್ತಿದ್ದಳು, ಆಮೇಲೆ ಹಾರಲೆಂದೇ ಹೋಗುತ್ತಿದ್ದಳು. ಮೂರನೆಯವಳಾಗಿ ಬಂದಳು, ರೀನೊ. ಎರಡನೆಯವನಿಗೂ ಇವಳಿಗೂ ಇದ್ದದ್ದು ಒಂದು ಗಾಡಿಯ ಉದ್ದ.

ನಾನು ಕೋಲೂರಿಕೊಂಡು ಹೊರಟೆ. ಅವಳು ಎಂದಿನ ಹಾಗೆ ಎದುರು ಬರಲಿಲ್ಲ. ಗಾಡಿಯ ಮೇಲೆಯೇ ಕೂತಿದ್ದಳು, ಹೆಲ್ಮೆಟ್ಟು ತೆಗೆದಿರಲಿಲ್ಲ, ಮೂರನೆಯ ದಿಬ್ಬದ ಕಡೆ ನೋಡುತ್ತಿದ್ದಳು.

"ಅಜ್ಜಿ, ಅಪ್ಪ ಬಂದಿದಾನೆ."

"ಎಲ್ಲಿ? ಮುಖ ನೋಡಿದ್ಯಾ?"

"ಮುಖ ಕಾಣಲಿಲ್ಲ. ಟೋಪಿ ಇತ್ತು. ಬೇಲಿ ಹತ್ರ ಎಲ್ಲರೂ ನಿಂತು ನಮ್ಮನ್ನ ನೋಡ್ತಾರಲ್ವಾ, ಒಬ್ಬ ಮಾತ್ರ ಕುಕ್ಕರಗಾಲಲ್ಲಿ ಕೂತಿದ್ದ. ಪ್ರತಿ ಸುತ್ತಲ್ಲೂ. ಕತ್ತು ವಾರೆ ಮಾಡ್ಕೊಂಡು ಹಿಂದಿನ ಚಕ್ರ ನೋಡ್ತಿದ್ದ. ನನ್ನ ನೋಡ್ಲೇ ಇಲ್ಲ ಅಜ್ಜಿ. ಹಂಗೆ ಇನ್ಯಾರು ನೋಡ್ತಾರೆ?"

ನಿನ್ನ ಆಗಸ್ಟಿನ ಕಾಗದವನ್ನು ನಾನು ಅವಳಿಗೆ ಓದಿ ಹೇಳಿಲ್ಲ. ಗಡಿಯಾರದ ಮಾತು ಅವಳಿಗೆ ತಿಳಿಯದು. ಆದರೂ ಹಾಗಂದಳು.

ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಬೇಲಿಯ ಹತ್ತಿರ ಯಾರೂ ಇರಲಿಲ್ಲ. ಬಿಳಿ ಹಲಗೆಯ ಮೇಲೆ ಕೆಂಪಗೆ ಒಂದು ಅಂಗೈ ಗುರುತಿತ್ತು. ಕೊವಾಚ್ ನೋಡಿ, "ಯಾರೋ ತುಕ್ಕು ಹಿಡಿದೋನು ಒರಗಿದ್ನಾ?" ಅಂದ. ತುಕ್ಕಲ್ಲ. ಅದಿರಿನ ಧೂಳು ಸೋಪಿಗೆ ಹೋಗುವುದಿಲ್ಲ, ನಿನ್ನ ಷರಟುಗಳನ್ನು ಎಷ್ಟು ವರ್ಷ ಒಗೆದಿದ್ದೇನೆ. ಡೆಲ್ಲಾ ಕೈಗವಸು ತೆಗೆದು ಆ ಗುರುತಿನ ಮೇಲೆ ತನ್ನ ಅಂಗೈ ಇಟ್ಟು ನೋಡಿದಳು. ಬೆರಳು ಎಷ್ಟು ಗಿಡ್ಡ ಇದೆ ಅಂತ ಅಳತೆ ನೋಡುವ ಹಾಗೆ. ಕೆಂಪು ಹತ್ತಿದ ಕೈಯನ್ನು ರಾತ್ರಿ ಊಟದವರೆಗೂ ತೊಳೆಯಲಿಲ್ಲ.

ಯಾಕೆ ಹೋದೆ ಅಂತ ನಾನು ಕೇಳುವುದಿಲ್ಲ. ಎರೆಹುಳುವಿನ ಅಂಗಡಿ ದಾಟಿ ಬಂದೆಯಲ್ಲ.

ಊಟದ ಮೇಲೆ ನಾನು ಹಿಟ್ಟಿನ ಡಬ್ಬ ತೆಗೆದು ಲಕೋಟೆಗಳನ್ನು ಅವಳ ಮುಂದಿಟ್ಟೆ. ಒಂದೊಂದೇ ಮುದ್ರೆ ಓದಿದಳು. ಅಳುತ್ತಾಳೇನೋ ಅಂತ ನೋಡುತ್ತಿದ್ದೆ. "ಇಷ್ಟು ಹತ್ರ ಇದ್ದನಾ" ಅಂದಳು, ಅಷ್ಟೆ. ಆಮೇಲೆ ಎದ್ದು ಹೋಗಿ ಗಾಡಿ ನಿಲ್ಲಿಸಿದ ಷೆಡ್ಡಿನ ಕೀಲಿಕೈ ತಂದು ಮೇಜಿನ ಮೇಲಿಟ್ಟಳು.

"ಅಜ್ಜಿ, ಅಪ್ಪಂಗೆ ಬರಿ. ಹಿಂದಿನ ಸ್ಪ್ರಿಂಗ್ ಇನ್ನೂ ಎರಡು ಸುತ್ತು ಬಿಗಿ ಬೇಕು ಅನ್ಸುತ್ತೆ, ಐದನೇ ಸುತ್ತಲ್ಲಿ ಸ್ವಲ್ಪ ಜಾಸ್ತಿ ಇಳೀತು. ಅವನೂ ನೋಡಿರ್ತಾನೆ. ಸರೀನಾ ಅಂತ ಕೇಳು."

ಈ ವರ್ಷದ ರೇಸು ಮುಗಿಯಿತಲ್ಲ, ಈ ಗಾಡಿಯಲ್ಲಿ ನೀನು ಇನ್ನು ಓಡುವುದೂ ಇಲ್ಲ, ಈಗ ಬಿಗಿ ಮಾಡಿ ಏನು ಮಾಡುತ್ತೀಯ ಅಂದೆ.

"ಓಡೋಕಲ್ಲ ಅಜ್ಜಿ. ಅಳೆಯೋಕೆ."

ಬೆಳಿಗ್ಗೆ ಬಂದರಿಗೆ ಫೋನು ಮಾಡಿ ಕೇಳಿದೆ. ನಿನ್ನ ಹಡಗು ಮುಂದಿನ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಾನಿಯಟ್‌ಗೆ ಬರುತ್ತದಂತೆ. ಗಾಡಿಯನ್ನು ಕೊವಾಚನ ಪಿಕಪ್ಪಿಗೆ ಹಾಕಿಕೊಂಡು ನಾವು ಆ ಎರೆಹುಳುವಿನ ಅಂಗಡಿಯ ಮುಂದೆ ನಿಂತಿರುತ್ತೇವೆ. ಡೆಲ್ಲಾ ಪೂರ್ತಿ ಉಡುಪಿನಲ್ಲಿ ಕೂತಿರುತ್ತಾಳೆ. ಹಿಂಬದಿ ಅದುಮಲು ನನ್ನ ತೋಳಿಗೆ ಇನ್ನೂ ಶಕ್ತಿಯಿದೆ. ಕೊವಾಚನಿಗೆ ಟೇಪು ಕೊಡುವುದಿಲ್ಲ, ಅವನು ಹುಳ ಕೊಳ್ಳಲಿ.

ನೀನು ಏನೂ ಮಾತಾಡಬೇಕಿಲ್ಲ ಅಂತ ಹೇಳಲು ಹೇಳಿದ್ದಾಳೆ. ತಗ್ಗಿ ಕೂತು ಅಂಕಿ ಓದಿದರೆ 
ಸಾಕಂತೆ.

ಅಮ್ಮ